ಮರದ ತೊಟ್ಟಿಗೆ ಮುಪ್ಪು ತರಿಸುವ ಬಗೆ

ಆವಿಯ ಎಂಜಿನ್ನುಗಳ ಕಾಲದಲ್ಲಿ ರೈಲುಮಾರ್ಗವೊಂದು ನಡೆಯಬೇಕಾದರೆ ಇದ್ದಲಿನಷ್ಟೇ, ಒಂದು ದೃಷ್ಟಿಯಿಂದ ಇದ್ದಲಿಗಿಂತಲೂ ಮಿಗಿಲಾಗಿ, ನೀರು ಬೇಕಾಗುತ್ತಿತ್ತು. ಬೆಂಕಿ ಆರಿದ ಎಂಜಿನ್ನು ದಾರಿಯಲ್ಲಿ ನಿಂತೀತು, ಬಾಯ್ಲರಿನಲ್ಲಿ ನೀರು ತಗ್ಗಿದ ಎಂಜಿನ್ನಾದರೋ ಸಿಡಿದು ಪ್ರಾಣವನ್ನೇ ತೆಗೆದೀತು. ಆದಕಾರಣ ಹಳಿ ಹಾಕಿದ ದೇಶಗಳಲ್ಲೆಲ್ಲ ಹಳಿಯ ಪಕ್ಕದಲ್ಲಿ ನೀರಿನ ತೊಟ್ಟಿಗಳೂ ಎದ್ದು ನಿಂತವು. ನಮ್ಮಲ್ಲಿ ಅವುಗಳನ್ನು ಸಾಮಾನ್ಯವಾಗಿ ಕಲ್ಲುಗಾರೆಯ ಗೋಡೆಗಳ ಮೇಲೆ ಕಬ್ಬಿಣದ ಫಲಕಗಳನ್ನು ಜೋಡಿಸಿ ಕಟ್ಟುತ್ತಿದ್ದರು. ಕಾಡು ಅಪಾರವಾಗಿಯೂ ಮರ ಸುಲಭವಾಗಿಯೂ ಇದ್ದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹತ್ತೊಂಬತ್ತನೆಯ ಶತಮಾನದ ರೈಲು ಕಂಪನಿಗಳು ಹಿಡಿದ ದಾರಿ ಬೇರೆ: ದಪ್ಪ ತೊಲೆಗಳ ಕಾಲುಗಳು, ಅವುಗಳ ಮೇಲೆ ಹಲಗೆಗಳ ಅಟ್ಟ, ಅಟ್ಟದ ಮೇಲೆ ಬೃಹದಾಕಾರದ ಮರದ ಪೀಪಾಯಿ, ಅದಕ್ಕೊಂದು ಶಂಕುವಿನಾಕಾರದ ಮಾಡು. ಆ ದೇಶದಲ್ಲಿ ರೈಲುಮಾರ್ಗಗಳ ಕಿರುಮಾದರಿಗಳನ್ನು ಕಟ್ಟುವ ಮಾಡೆಲ್ ರೈಲ್ವೆಯ ಹವ್ಯಾಸಿಗಳು ಮರದಲ್ಲಿ ಕಟ್ಟಲು ಬಯಸುವ ಕಟ್ಟಡಗಳಲ್ಲಿ ಈ ತೊಟ್ಟಿಗೆ ಅಗ್ರಸ್ಥಾನವುಂಟೆಂದರೆ ಆಶ್ಚರ್ಯವಿಲ್ಲ. ಮರ, ಕಬ್ಬಿಣ, ನೀರು, ಬಿಸಿಲು ಈ ನಾಲ್ಕರ ಪರಸ್ಪರ ವ್ಯವಹಾರವನ್ನು ಇಷ್ಟು ಕಿರಿದಾದ ಆಕೃತಿಯಲ್ಲಿ ಇಷ್ಟು ಸ್ಪಷ್ಟವಾಗಿ ತೋರಿಸುವ ಕಟ್ಟಡ ಇನ್ನೊಂದಿಲ್ಲ.

ನ್ಯೂ ಮೆಕ್ಸಿಕೊ ರಾಜ್ಯದ ಉತ್ತರದ ಅಂಚಿನಲ್ಲಿ ಚಾಮಾ ಎಂಬ ಚಿಕ್ಕ ಊರಿದೆ. ಡೆನ್ವರ್ ಅಂಡ್ ರಿಯೊ ಗ್ರಾಂಡೆ ಕಂಪನಿಯ ಮೂರಡಿ ಅಗಲದ ಕಿರುಮಾರ್ಗ 1880ರಲ್ಲಿ ಅಲ್ಲಿಗೆ ತಲುಪಿತು. ಚಾಮಾದಿಂದ ಪೂರ್ವಕ್ಕೆ ಹೊರಟ ರೈಲು ಸಮುದ್ರಮಟ್ಟದಿಂದ 10,015 ಅಡಿ ಎತ್ತರದ ಕಂಬ್ರೆಸ್ ಕಣಿವೆಯನ್ನು, ನೂರಕ್ಕೆ ನಾಲ್ಕರಷ್ಟು ಕಡಿದಾದ ಏರಿನಲ್ಲಿ, ಹತ್ತಬೇಕಾಗಿತ್ತು. ಅಂಥ ಏರಿನ ಬುಡದಲ್ಲಿ ಎಂಜಿನ್ನು ಹೊಟ್ಟೆ ತುಂಬ ನೀರು ಕುಡಿಯದೆ ಹೊರಡುವಂತಿರಲಿಲ್ಲ. ಅಲ್ಲಿನ ತೊಟ್ಟಿ 50,000 ಗ್ಯಾಲನ್ ಹಿಡಿಯುವಂಥದು; ಎರಡು ಹಳಿಗಳ ಮೇಲೆ ನಿಂತ ಎರಡು ಎಂಜಿನ್ನುಗಳಿಗೆ ನೀರೂಡಿಸಲು ಅದಕ್ಕೆ ಎರಡು ಸೊಂಡಿಲುಗಳುಂಟು. ಬಾಲ್ಡ್‌ವಿನ್ ಕಾರ್ಖಾನೆ 1925ರಲ್ಲಿ ಈ ಮಾರ್ಗಕ್ಕಾಗಿ ಕಟ್ಟಿಕೊಟ್ಟ ಕೆ-36 ವರ್ಗದ ಎಂಜಿನ್ನಿನ ಟೆಂಡರು, ಎಂದರೆ ಇದ್ದಲು ನೀರು ಹೊರುವ ಹಿಂಬಂಡಿ, 5,000 ಗ್ಯಾಲನ್ ನೀರು ಹೊರುತ್ತದೆ. ಎಂದರೆ ತುಂಬಿದ ತೊಟ್ಟಿಯೊಂದು ಅಂಥ ಹತ್ತು ಎಂಜಿನ್ನುಗಳ ದಾಹವನ್ನು ತೀರಿಸಬಲ್ಲದು. ಮುಚ್ಚಿಹೋಗಲಿದ್ದ ಈ ಮಾರ್ಗದ 64 ಮೈಲಿಗಳನ್ನು 1970ರಲ್ಲಿ ಕೊಲೊರಾಡೊ ಮತ್ತು ನ್ಯೂ ಮೆಕ್ಸಿಕೊ ರಾಜ್ಯಗಳೆರಡೂ ಜೊತೆಗೂಡಿ ಕೊಂಡು ಉಳಿಸಿಕೊಂಡವು. ಆದ್ದರಿಂದಲೇ ಮಾದರಿ ಕಟ್ಟುವವನಿಗೆ ಇಂದಿಗೂ ಊಹೆಗೆ ಬದಲಾಗಿ ಪ್ರತ್ಯಕ್ಷ ಪ್ರಮಾಣ ದೊರೆಯುತ್ತದೆ.

ಅಮೆರಿಕದಲ್ಲಿ ಹೆಚ್ಚು ಜನ ಅನುಸರಿಸುವ ಎಚ್‌ಓ ಪ್ರಮಾಣದಲ್ಲಿ ನಿಜವಾದ ಒಂದಡಿ ಮೂರೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಸ್ಥೂಲವಾಗಿ ಹೇಳಿದರೆ ಎಂಬತ್ತೇಳರಲ್ಲಿ ಒಂದು ಪಾಲು. ಆರಡಿ ಎತ್ತರದ ಮನುಷ್ಯ 21 ಮಿಲಿಮೀಟರು, ಚಾಮಾದ ಮೂರಡಿ ಮಾರ್ಗ ಹತ್ತೂವರೆ. ಇಪ್ಪತ್ತನಾಲ್ಕು ಅಡಿ ವ್ಯಾಸ, ಹದಿನಾರು ಅಡಿ ಎತ್ತರದ ಪೀಪಾಯಿಯನ್ನು ಲೆಕ್ಕಹಾಕಿ ನೋಡಿದರೆ ಅದರಲ್ಲಿ ಐವತ್ತು ಸಾವಿರ ಗ್ಯಾಲನ್ನಿಗೆ ಸ್ವಲ್ಪ ಹೆಚ್ಚೇ ನೀರು ಹಿಡಿಯುವುದು. ಅದು ಮೇಜಿನ ಮೇಲೆ 84 ಮಿಲಿಮೀಟರು ಅಗಲ, 56 ಮಿಲಿಮೀಟರು ಎತ್ತರದ ಉರುಳೆಯಾಗುತ್ತದೆ. ಅದರ ಸುತ್ತ ಆರಂಗುಲದ ಹಲಗೆಗಳನ್ನು ನಿಲ್ಲಿಸಬೇಕಾದರೆ ಒಂದೂಮುಕ್ಕಾಲು ಮಿಲಿಮೀಟರು ಅಗಲದ ಕಡ್ಡಿಗಳು ಸುಮಾರು 150 ಬೇಕು. ತೊಟ್ಟಿಯನ್ನು ಹೊತ್ತ ಹನ್ನೆರಡಂಗುಲ ಚೌಕದ ಕಂಬ ಮೂರೂವರೆ ಮಿಲಿಮೀಟರು ಚೌಕದ ಕಡ್ಡಿ. ಒಂದಂಗುಲ ದಪ್ಪದ ಹಲಗೆಯಾದರೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗಕ್ಕಿಂತಲೂ ತೆಳುವು.

ಇಷ್ಟು ಸಣ್ಣ ಕೆಲಸಕ್ಕೆ ಯಾವ ಮರವೂ ಆದೀತೆಂದು ತಿಳಿಯಬಾರದು. ತೇಗ ಮರಗಳಲ್ಲಿ ರಾಜನಾದರೂ ಈ ಕೆಲಸಕ್ಕೆ ನಿರುಪಯುಕ್ತ. ಅದರ ಎಳೆಗಳೂ ರಂಧ್ರಗಳೂ ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು, ಎಂಬತ್ತೇಳು ಪಟ್ಟು ಹಿಗ್ಗಿಸಿ ನೋಡಿದರೆ ಹಲಗೆಯಲ್ಲಿ ಬೆರಳು ತೂರುವಂಥ ಬಿರುಕುಗಳಾಗಿ ತೋರುತ್ತವೆ. ಅಮೆರಿಕದವರು ಬಾಸ್‌ವುಡ್ ಎಂಬ, ಎಳೆಯೇ ಎದ್ದು ಕಾಣದ, ಮೃದುವೂ ಬಿಳುಪೂ ಆದ ಮರವನ್ನು ಬಳಸುತ್ತಾರೆ. ಅಳತೆಗೆ ಸೀಳಿದ ಕಡ್ಡಿಗಳು ಅಲ್ಲಿ ಕಟ್ಟುಕಟ್ಟಾಗಿ ಮಾರಾಟಕ್ಕೆ ದೊರೆಯುತ್ತವೆ. ನಮ್ಮಲ್ಲಿ ಚನ್ನಪಟ್ಟಣದ ಗೊಂಬೆಗಾರರು ನೆಚ್ಚಿಕೊಂಡ ಹಾಲೆಮರ ಇಂಥದೇ ನಯವಾದ ಜಾತಿ; ಈ ಹವ್ಯಾಸವನ್ನು ಇಲ್ಲಿ ಕೈಗೊಳ್ಳುವವರು ಅದನ್ನೊಮ್ಮೆ ಪರೀಕ್ಷಿಸಿ ನೋಡಬೇಕು.

ಮರದ ತೊಟ್ಟಿಯ ರಚನೆಯಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ಅರಿಯದವನು ಎಷ್ಟೇ ನಾಜೂಕಾಗಿ ಕಟ್ಟಿದರೂ ಅದು ತೊಟ್ಟಿಯೆನಿಸದು. ನಿಂತ ಹಲಗೆಗಳಿಗೆ ಮೊಳೆಯಿಲ್ಲ, ಅಂಟಿಲ್ಲ. ಅವುಗಳನ್ನು ಹಿಡಿದಿಡುವುದು ಸುತ್ತ ಬಿಗಿದ ಕಬ್ಬಿಣದ ಬಳೆಗಳು ಮಾತ್ರ. ಒಳಗಿನ ನೀರನ್ನು ಕುಡಿದು ಹಲಗೆ ಉಬ್ಬುತ್ತದೆ, ಬಳೆ ಬಿಟ್ಟುಕೊಡುವುದಿಲ್ಲ, ಇವೆರಡರ ಹೋರಾಟದಲ್ಲಿ ಸಂದುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ನೀರು ಬತ್ತಿಸಿ ಬಿಟ್ಟ ತೊಟ್ಟಿಯಾದರೋ ಬೇಸಗೆಯಲ್ಲಿ ದಡಕ್ಕೆಳೆದಿಟ್ಟ ನಮ್ಮ ಕರಾವಳಿಯ ದೋಣಿಯಂತೆ ಸಂದು ಬಿಡುತ್ತದೆ. ಇನ್ನು ಬಳೆಗಳ ವಿಷಯ. ನೀರಿನ ಒತ್ತಡ ಆಳಕ್ಕೆ ತಕ್ಕಂತೆ ಹೆಚ್ಚುವುದರಿಂದ, ಹದಿನಾರಡಿ ತೊಟ್ಟಿಯ ತಳದಲ್ಲಿ ಪ್ರತಿ ಚದರಂಗುಲದ ಮೇಲೆ ಸುಮಾರು 7 ಪೌಂಡು ಭಾರ ಒತ್ತುತ್ತಿರುತ್ತದೆ. ಮೇಲಂಚಿನಲ್ಲಿ ಏನೂ ಇಲ್ಲ. ಆದ್ದರಿಂದ ಬಳೆಗಳು ಮೇಲೆ ದೂರದೂರವಾಗಿಯೂ ತಳಕ್ಕೆ ಬಂದಂತೆಲ್ಲ ಒತ್ತೊತ್ತಾಗಿಯೂ ಇರತಕ್ಕದ್ದು. ಸಮಾನ ಅಂತರದಲ್ಲಿ ಬಳೆ ತೊಡಿಸಿದ ಮಾದರಿಗಳನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಅಂಥ ತೊಟ್ಟಿಗೆ ನಿಜವಾದ ನೀರು ತುಂಬಿದ್ದರೆ ಬುಡವೇ ಒಡೆದುಹೋಗುತ್ತಿತ್ತು. ಹೀಗೆಯೇ ಕೆಲವರು ಪೀಪಾಯಿಯ ಹಲಗೆಗಳಿಗೆ ಸೂಜಿಯಿಂದ ಮೊಳೆಯ ಗುರುತು ಚುಚ್ಚುತ್ತಾರೆ. ಮೊಳೆಯಿರುವುದು ಮಾಡಿನ ಹಲಗೆಗಳಿಗೆ, ಹಾಗೂ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಿರಲೆಂದು ಕೊಳವೆಯ ಸುತ್ತ ಕಟ್ಟಿದ ಮರದ ಗೂಡಿಗೆ, ಪೀಪಾಯಿಗೆ ಅಲ್ಲ.

ಕಟ್ಟುವ ಕ್ರಮದಲ್ಲಿ ವಿಸ್ತರಿಸಿ ಹೇಳಬೇಕಾದ ಮಾತು ಒಂದೇ: ಬಣ್ಣ ಮೊದಲು, ಅಂಟು ಆಮೇಲೆ. ಅಂಟು ತಾಗಿದ ಮರ ಬಣ್ಣವನ್ನು ಹೀರುವುದಿಲ್ಲ. ಕಟ್ಟಿ ಮುಗಿಸಿದ ಮೇಲೆ ಬಣ್ಣ ಹಚ್ಚಹೊರಟರೆ ಸಂದುಸಂದಿನಲ್ಲಿ ತೊನ್ನಿನಂಥ ಬಿಳಿಯ ಕಲೆಗಳು ಉಳಿದುಬಿಡುತ್ತವೆ. ಹಿತ್ತಾಳೆಯ ತಂತಿಯ ಕುಂಚವನ್ನು ಕಡ್ಡಿಯ ಉದ್ದಕ್ಕೂ ಹಗುರಾಗಿ ಎಳೆದು ಎಳೆಗಳನ್ನು ಮೂಡಿಸಬೇಕು; ಅಡ್ಡಕ್ಕೆ ಒಮ್ಮೆ ಎಳೆದರೂ ಕೆಲಸ ಕೆಟ್ಟಿತು. ಎದ್ದ ನವಿರನ್ನು ನುಣ್ಣನೆಯ ಉಕ್ಕಿನ ಉಣ್ಣೆಯಿಂದ ಒರಸಬೇಕು. ಅನಂತರ ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ಇಂಡಿಯನ್ ಇಂಕು ಕದಡಿದ ದ್ರವ. ಅರ್ಧ ಲೀಟರಿಗೆ ಒಂದೆರಡು ಟೀಚಮಚ ಇಂಕು ಧಾರಾಳವಾಯಿತು. ನೀರಿನಲ್ಲಿ ಕದಡಿದರೆ ತೆಳುಗಡ್ಡಿ ಸೊಟ್ಟಗಾಗುತ್ತದೆ; ಆಲ್ಕೊಹಾಲು ಮರದೊಳಕ್ಕೆ ಇಳಿದು, ಬಣ್ಣವನ್ನು ಅಲ್ಲಿಯೇ ಬಿಟ್ಟು, ತಾನು ಬೇಗ ಆರಿಹೋಗುತ್ತದೆ. ಈ ಕಡ್ಡಿ ಬಣ್ಣ ಕುಡಿಯುವುದನ್ನು ಹತ್ತಿರದಿಂದ ನೋಡಬೇಕು: ತುದಿಯನ್ನು ಅದ್ದಿದ ಕೂಡಲೇ ಕಪ್ಪಾದ ಗೆರೆಯೊಂದು ಎಳೆಗಳ ಹಾದಿ ಹಿಡಿದು ಮೇಲಕ್ಕೆ ಓಡುತ್ತದೆ, ಗಟ್ಟಿಯಾದ ಎಳೆ ಸಿಕ್ಕಲ್ಲಿ ತಡೆದು, ಮೃದುವಾದಲ್ಲಿ ಹರಡಿ. ಹಸಿಯಾಗಿರುವಾಗ ಕಾಡಿಗೆಯಷ್ಟು ಕಪ್ಪಾಗಿ ಕಂಡದ್ದು ಆರಿದ ಮೇಲೆ ಬೂದಿಬೆಳ್ಳಿಯಾಗುತ್ತದೆ. ಒಂದೇ ಅದ್ದಿನಲ್ಲಿ ಎದ್ದ ಎರಡು ಕಡ್ಡಿಗಳು ಎಂದೂ ಒಂದೇ ಬಣ್ಣಕ್ಕೆ ಬರುವುದಿಲ್ಲ, ಬರಲೂಬಾರದು. ನಿಜವಾದ ಗೋಡೆಯಲ್ಲಿಯೂ ಪಕ್ಕಪಕ್ಕದ ಹಲಗೆಗಳು ಬೇರೆಬೇರೆ ಮರದವು, ಬೇರೆಬೇರೆ ಕಾಲದವು.

ಇಲ್ಲಿಂದ ಮುಂದೆ ಮುಪ್ಪಿನ ವಿಷಯ. ಬಹುಮಂದಿ ಮುಪ್ಪನ್ನು ಕೊಳೆಯೆಂದು ಭಾವಿಸಿ, ಕಟ್ಟಡದ ಮೇಲೆಲ್ಲ ಕಂದುಗಪ್ಪು ಬಣ್ಣವನ್ನು ಸಮನಾಗಿ ಬಳಿದುಬಿಡುತ್ತಾರೆ. ಮರ ಹಳತಾಗುವುದು ಕೊಳೆಯಿಂದಲ್ಲ. ಮರದ ಸೆಲ್ಯುಲೋಸ್ ಎಳೆಗಳನ್ನು ಒಂದಕ್ಕೊಂದು ಬೆಸೆದಿರುವ ಲಿಗ್ನಿನ್ ಎಂಬ ದ್ರವ್ಯವನ್ನು ಬಿಸಿಲಿನ ಅತಿನೇರಳೆ ಕಿರಣಗಳು ಒಡೆಯುತ್ತವೆ. ಒಡೆದದ್ದನ್ನು ಮಳೆ ತೊಳೆದೊಯ್ಯುತ್ತದೆ. ಉಳಿದ ಬೆಳ್ಳನೆಯ ಎಳೆಗಳ ಮೇಲೆ ಸೂಕ್ಷ್ಮವಾದ ಬೂಷ್ಟು ನೆಲೆಸಿ ಬೂದುಬಣ್ಣ ಕೊಡುತ್ತದೆ. ಈ ಕಿರಣಗಳು ಮರದೊಳಕ್ಕೆ ಇಳಿಯುವ ಆಳ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಹೊರಗೆ ನೂರು ವರ್ಷದ ಮುದುಕನಂತೆ ಕಾಣುವ ಹಲಗೆಯನ್ನು ಹತ್ತರಿಯಿಂದ ಒಮ್ಮೆ ಹೆರೆದರೆ ಒಳಗೆ ಹೊಸ ಮರದ ಹೊಂಬಣ್ಣವೇ ಇರುವುದು ಈ ಕಾರಣದಿಂದ. ಅಮೆರಿಕ ಸರಕಾರ 1910ರಲ್ಲಿ ಮ್ಯಾಡಿಸನ್ ನಗರದಲ್ಲಿ ಸ್ಥಾಪಿಸಿದ ಅರಣ್ಯೋತ್ಪನ್ನ ಪ್ರಯೋಗಾಲಯದವರ ಪ್ರಕಾರ, ಬಣ್ಣವಿಲ್ಲದೆ ಗಾಳಿಮಳೆಗೆ ಮೈಯೊಡ್ಡಿದ ಪೈನ್ ಮುಂತಾದ ಮೆದುಮರಗಳು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರು ಸವೆಯುತ್ತವೆ. ಒಂದೊಂದು ವರ್ಷದ ಬೆಳವಣಿಗೆಯಲ್ಲಿ ಮೊದಲು ಬೆಳೆದ ಮೃದುಭಾಗ ಬೇಗ ಸವೆದು, ಕಡೆಯಲ್ಲಿ ಬೆಳೆದ ಗಟ್ಟಿಭಾಗ ಏಣಾಗಿ ನಿಲ್ಲುತ್ತದೆ. ಹಳೆಯ ಹಲಗೆಯ ಮೇಲೆ ಕೈಯಾಡಿಸಿದರೆ ತಾಗುವ ಗೆರೆಗಳು ಇವೇ.

ಬಿಸಿಲು ಕಾರಣವಾದ ಮೇಲೆ ದಿಕ್ಕೂ ಕಾರಣವಾಗಲೇಬೇಕು. ಉತ್ತರ ಅಮೆರಿಕದಲ್ಲಿ ಬಿಸಿಲು ತೆಂಕಣದಿಂದ ಬೀಳುವುದರಿಂದ ತೊಟ್ಟಿಯ ತೆಂಕಣ ಮೈ ಮೊದಲು ಬಿಳುಪೇರುತ್ತದೆ. ಬಡಗಣ ಮೈ ತೇವವನ್ನೂ ಪಾಚಿಯನ್ನೂ ಬಹುಕಾಲ ಉಳಿಸಿಕೊಳ್ಳುತ್ತದೆ. ಮಾಡಿನ ಅಂಚಿನ ಕೆಳಗೆ ಬಿಸಿಲೂ ಮಳೆಯೂ ತಟ್ಟದ ಒಂದು ಪಟ್ಟಿಯಲ್ಲಿ ಹಳೆಯ ಕೆಮ್ಮಣ್ಣಿನ ಬಣ್ಣ ಹಾಗೆಯೇ ಇರುತ್ತದೆ. ನಮ್ಮ ಮಲೆನಾಡಿನವರಿಗೆ ಈ ತತ್ತ್ವವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮುಂಗಾರಿಗೆ ಮುಂಚೆ ಮನೆಯ ಪಡುವಣ ಮಗ್ಗುಲಿಗೆ ಸೋಗೆಯ ತಟ್ಟಿ ಕಟ್ಟುವವರಿಗೆ, ಒಂದೇ ಮನೆಯ ನಾಲ್ಕು ಗೋಡೆಗಳು ನಾಲ್ಕು ಬಗೆಯಾಗಿ ಮುಪ್ಪಾಗುತ್ತವೆಂಬುದು ಗೊತ್ತು. ಆದ್ದರಿಂದ ಮಾದರಿಯನ್ನು ಕಟ್ಟುವವನು ಕುಂಚ ಹಿಡಿಯುವ ಮೊದಲೇ ತನ್ನ ಮೇಜಿನ ಮೇಲೆ ದಕ್ಷಿಣ ಯಾವುದೆಂದು ನಿಶ್ಚಯಿಸಿಕೊಳ್ಳತಕ್ಕದ್ದು, ಮತ್ತು ಆ ನಿಶ್ಚಯಕ್ಕೆ ಎಲ್ಲ ಕಟ್ಟಡಗಳಲ್ಲಿಯೂ ಬದ್ಧನಾಗಿರತಕ್ಕದ್ದು.

ತೊಟ್ಟಿಗೆ ಇದರ ಮೇಲೆ ನೀರಿನ ಮುಪ್ಪೂ ಉಂಟು. ಸಂದುಗಳಿಂದ ಜಿನುಗಿದ ನೀರು ಇಳಿದ ದಾರಿಯಲ್ಲಿ ಹಲಗೆ ಕಪ್ಪಾಗುತ್ತದೆ. ಆ ನೀರಿನ ಸುಣ್ಣ ಆರಿದಲ್ಲಿ ಬಿಳಿಯ ಗೀಟು. ಸದಾ ತೊಯ್ದು ನಿಂತ ಹಲಗೆ ಬೇಗ ಕೊಳೆಯುವುದೆಂದು ತೋರಬಹುದಾದರೂ ನಿಜಸಂಗತಿ ಬೇರೆ: ಕೊಳೆಸುವ ಶಿಲೀಂಧ್ರಕ್ಕೆ ನೀರಿನಷ್ಟೇ ಗಾಳಿಯೂ ಬೇಕಾದುದರಿಂದ, ನೀರು ತುಂಬಿಕೊಂಡ ಮರ ಬಾಳುತ್ತದೆ, ತೊಯ್ದು ಆರಿ ಮತ್ತೆ ತೊಯ್ಯುವ ಮೇಲಂಚೂ ಕಂಬದ ಪಾದವೂ ಕೊಳೆಯುತ್ತವೆ. ಬಳೆಗಳ ತುಕ್ಕು ಹಲಗೆಯ ಮೇಲೆ ಕಿತ್ತಳೆಬಣ್ಣದ ಕಣ್ಣೀರಾಗಿ ಇಳಿಯುತ್ತದೆ. ಮರದಲ್ಲಿ ಟ್ಯಾನಿನ್ ಎಂಬ ಒಗರು ಇದ್ದರೆ ಕಬ್ಬಿಣ ಅದರೊಡನೆ ಸೇರಿ ನೀಲಿಗಪ್ಪು ಕಲೆಯಾಗುತ್ತದೆ; ನಮ್ಮ ಹಿರಿಯರು ಅಳಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಕಪ್ಪು ತೆಗೆಯುತ್ತಿದ್ದುದು ಇದೇ ರಸಾಯನದಿಂದ. ಹವ್ಯಾಸಿಗಳು ಇದನ್ನೂ ಉಪಯೋಗಿಸಿಕೊಂಡಿದ್ದಾರೆ. ಉಕ್ಕಿನ ಉಣ್ಣೆಯನ್ನು ವಿನೆಗರಿನಲ್ಲಿ ಕೆಲವು ದಿನ ನೆನೆಹಾಕಿ, ಆ ದ್ರವವನ್ನು ಕಡ್ಡಿಗೆ ಬಳಿಯುತ್ತಾರೆ. ಬಾಸ್‌ವುಡ್ಡಿನಲ್ಲಿ ಒಗರು ಕಡಿಮೆಯಾದ್ದರಿಂದ ಮೊದಲು ಗಟ್ಟಿಯಾದ ಚಹದ ಡಿಕಾಕ್ಷನ್ನಿನಲ್ಲಿ ಅದ್ದಿ ತೆಗೆಯುತ್ತಾರೆ. ಇಲ್ಲಿ ಬಣ್ಣವನ್ನು ಬಳಿಯುವ ಮಾತೇ ಇಲ್ಲ. ದೊಡ್ಡ ತೊಟ್ಟಿಯ ಮೇಲೆ ನಡೆಯುವ ಕ್ರಿಯೆಯೇ ಚಿಕ್ಕ ತೊಟ್ಟಿಯ ಮೇಲೂ ನಡೆಯುತ್ತದೆ. ಎಲ್ಲ ವಿಧಾನಗಳಲ್ಲಿ ನನಗೆ ಇದೇ ಅಧಿಕ ಪ್ರಿಯವಾದುದು.

ಇನ್ನು ಈ ಕಲೆಯ ಮರ್ಮಸ್ಥಾನಕ್ಕೆ ಬರೋಣ. ಪ್ರಮಾಣವೆಂಬುದು ಉದ್ದ ಅಗಲ ಎತ್ತರಗಳನ್ನು ಕುಗ್ಗಿಸಬಲ್ಲದು. ಬೆಳಕನ್ನಾಗಲಿ, ಮರದ ಎಳೆಯನ್ನಾಗಲಿ, ನೋಡುವವನ ಕಣ್ಣನ್ನಾಗಲಿ ಕುಗ್ಗಿಸಲಾರದು. ನೂರು ವರ್ಷದ 6 ಮಿಲಿಮೀಟರು ಸವೆತ ಎಚ್‌ಓ ಪ್ರಮಾಣದಲ್ಲಿ ಒಂದು ಮಿಲಿಮೀಟರಿನ ನೂರರಲ್ಲಿ ಏಳು ಭಾಗವಾಗುತ್ತದೆ, ತಲೆಗೂದಲಿನ ದಪ್ಪ. ತಂತಿಯ ಕುಂಚ ಎಬ್ಬಿಸಿದ ಗೀರು ಅದಕ್ಕಿಂತ ಆಳವಾಗಿಯೇ ಇರುತ್ತದೆ. ಎರಡಡಿ ದೂರದಿಂದ ಮಾದರಿಯನ್ನು ನೋಡುವವನು, ಪ್ರಮಾಣಕ್ಕನುಸಾರವಾಗಿ, ನಿಜವಾದ ತೊಟ್ಟಿಯಿಂದ 174 ಅಡಿ ಹಿಂದೆ ನಿಂತಿದ್ದಾನೆ. ಅಷ್ಟು ದೂರಕ್ಕೆ ಮೊಳೆಯ ತಲೆ ಯಾರ ಕಣ್ಣಿಗೂ ಕಾಣುವುದಿಲ್ಲ. ಹಾಗಾದರೆ ಮಾಡಿನ ಹಲಗೆಗೆ ಮೊಳೆಯ ಗುರುತು ಹಾಕಬೇಕೆ, ಎಳೆ ತೆಗೆಯಬೇಕೆ? ಅಳತೆಗೆ ಮಾತ್ರ ನಿಷ್ಠನಾದವನು ಬೇಡವೆಂದಾನು. ಆದರೆ ಎಳೆಯಿಲ್ಲದ ಮೈ ಪ್ಲಾಸ್ಟಿಕ್ಕಿನಂತೆ ಕಂಡು, ಮರವನ್ನೇ ಮರವಲ್ಲವೆಂದು ಕಣ್ಣು ತಳ್ಳಿಹಾಕುತ್ತದೆ. ಕಣ್ಣು ಎರಡಡಿ ದೂರದಲ್ಲಿದ್ದೂ, ತೊಟ್ಟಿಯ ಬುಡದಲ್ಲಿ ನಿಂತಾಗ ತಾನು ಕಂಡದ್ದನ್ನೆಲ್ಲ ಇಲ್ಲಿಯೂ ಕಾಣಬಯಸುತ್ತದೆ. ಆದ್ದರಿಂದ ಸ್ವಲ್ಪ ಅತಿಶಯ ಅನಿವಾರ್ಯ. ಎಷ್ಟು ಎಂಬುದರಲ್ಲಿಯೇ ಕಲಾವಿದನ ವಿವೇಕವಿರುವುದು. ನನ್ನ ಅಭಿಪ್ರಾಯ ಹೇಳುವುದಾದರೆ, ಮೊದಲ ನೋಟಕ್ಕೆ ಕಟ್ಟಡ ಕಾಣಬೇಕು, ಎರಡನೆಯ ನೋಟಕ್ಕೆ ಹಲಗೆ, ಬಾಗಿ ನೋಡಿದಾಗ ಮಾತ್ರ ಮೊಳೆ. ಬಣ್ಣದ ವಿಷಯದಲ್ಲಿ ಇದರ ವಿಪರ್ಯಾಸ ನ್ಯಾಯ: ದೂರದ ವಸ್ತುಗಳು ಗಾಳಿಯ ಪರದೆಯಲ್ಲಿ ಮಾಸಿ ತೋರುವುದರಿಂದ, ನಿಜವಾದ ತೊಟ್ಟಿಯ ಬಣ್ಣವನ್ನು ಇದ್ದಂತೆಯೇ ಹಚ್ಚಿದರೆ ಮಾದರಿ ಗಾಢವಾಗಿ ಕಾಣುತ್ತದೆ, ಅದನ್ನು ತುಸು ಬೆಳ್ಳಗೆ ಮಾಡಿಕೊಳ್ಳಬೇಕು.

ಮುಪ್ಪನ್ನು ಕಲೆಯ ಪದವಿಗೆ ಏರಿಸಿದವರಲ್ಲಿ ಪ್ರಮುಖ ಜಾನ್ ಆಲೆನ್. ಕ್ಯಾಲಿಫೋರ್ನಿಯದ ಮಾಂಟೆರೆಯಲ್ಲಿದ್ದ ಈತ ವೃತ್ತಿಯಿಂದ ಛಾಯಾಗ್ರಾಹಕ. ಬೆಳಕು ಮತ್ತು ಮೇಲ್ಮೈಗಳ ಸಂಬಂಧವನ್ನು ಬಲ್ಲವನು. ಹೊಳೆಯುವ ಹೊಸ ಬಣ್ಣದ ಆಟಿಕೆಗಳೇ ಮಾದರಿಯೆನಿಸಿಕೊಂಡಿದ್ದ ದಿನಗಳಲ್ಲಿ, ಆತನ ಮನೆಯ ನೆಲಮಾಳಿಗೆಯಲ್ಲಿ ಬೆಳೆದ ಗೋರಿ ಅಂಡ್ ಡಿಫೀಟೆಡ್ ರೈಲ್ವೆಯಲ್ಲಿ ಮಸಿ ಹಿಡಿದ ಎಂಜಿನ್ನುಗಳೂ ಬಿಸಿಲಿಗೆ ಬೆಳ್ಳಗಾದ ಮರದ ಕಟ್ಟಡಗಳೂ ಇದ್ದವು. ಅವುಗಳ ಚಿತ್ರಗಳು 1934ರಲ್ಲಿ ಆರಂಭವಾದ ‘ಮಾಡೆಲ್ ರೈಲ್‌ರೋಡರ್’ ಮುಂತಾದ ಪತ್ರಿಕೆಗಳ ಮೂಲಕ ಒಂದು ಇಡೀ ಪೀಳಿಗೆಯ ಕಣ್ಣು ತೆರೆಸಿದವು. ಆತ 1973ರ ಜನವರಿಯಲ್ಲಿ ತೀರಿಕೊಂಡ ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ರೈಲುಮಾರ್ಗ ನಾಶವಾಯಿತು. ಈಗ ನಮಗೆ ಉಳಿದಿರುವುದು ಬಹುಮಟ್ಟಿಗೆ ಅವನು ತೆಗೆದ ಚಿತ್ರಗಳೇ. ಮ್ಯಾಸಚೂಸೆಟ್ಸಿನ ಜಾರ್ಜ್ ಸೆಲಿಯೋಸ್ 1967ರಲ್ಲಿ ಫೈನ್ ಸ್ಕೇಲ್ ಮಿನಿಯೇಚರ್ಸ್ ಎಂಬ ಸಂಸ್ಥೆ ತೆರೆದು, ಮರದ ಕಡ್ಡಿಗಳೂ ಲೋಹದ ಎರಕದ ತುಣುಕುಗಳೂ ತುಂಬಿದ ಪೆಟ್ಟಿಗೆಗಳ ಮೂಲಕ ಈ ಕಲೆಯನ್ನು ಸಾಮಾನ್ಯ ಹವ್ಯಾಸಿಯ ಮೇಜಿಗೆ ತಲುಪಿಸಿದ. ಇವರಿಬ್ಬರ ಸಾಮರ್ಥ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೆ ಇವರನ್ನು ಅನುಕರಿಸಹೊರಟ ಹಲವರು ಪ್ರತಿಯೊಂದು ಮಾಡನ್ನೂ ಕುಸಿಸಿ, ಪ್ರತಿಯೊಂದು ಕಿಟಕಿಯನ್ನೂ ಒಡೆದು, ಊರಿಗೆ ಊರನ್ನೇ ಪಾಳುಬೀಳಿಸಿದ್ದಾರೆ. ಇದು ತಪ್ಪು. ಚಾಮಾದ ತೊಟ್ಟಿ ಪಾಳಲ್ಲ, ದುಡಿಯುವ ವಸ್ತು. ಅದು ಸೋರಿ ಬರಿದಾದರೆ ಏರಿನ ಬುಡದಲ್ಲಿ ರೈಲು ನಿಲ್ಲುತ್ತದೆ. ಕಂಪನಿಯವರು ಕೆಟ್ಟ ಹಲಗೆಯನ್ನು ಬದಲಾಯಿಸಿದರು, ಸಡಿಲವಾದ ಬಳೆಯನ್ನು ಬಿಗಿದರು, ಬಣ್ಣವನ್ನು ಮಾತ್ರ ಕಾಸು ಕೂಡಿಬಂದಾಗ ಹಚ್ಚಿದರು. ಬೂದಿಬಣ್ಣದ ನೂರೈವತ್ತು ಹಲಗೆಗಳ ನಡುವೆ ನಿನ್ನೆಮೊನ್ನೆ ಸೇರಿಸಿದಂಥ ಹೊಂಬಣ್ಣದ ಎರಡು ಮೂರು ಹಲಗೆಗಳನ್ನು ನಿಲ್ಲಿಸಿದರೆ, ಆ ತೊಟ್ಟಿಯನ್ನು ನೋಡಿಕೊಳ್ಳುವ ಮನುಷ್ಯರಿದ್ದಾರೆಂಬುದು ತಾನಾಗಿ ಗೊತ್ತಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾಡೆಲ್ ರೈಲ್‌ರೋಡ್ ಸಂಘ ಕಟ್ಟಡಗಳನ್ನು ಪರೀಕ್ಷಿಸುವಾಗ 125 ಅಂಕಗಳಲ್ಲಿ 25ನ್ನು ಬಣ್ಣ ಮತ್ತು ಬರಹಕ್ಕೂ, ಇನ್ನು 25ನ್ನು ವಾಸ್ತವದ ಅನುಸರಣೆಗೂ ಮೀಸಲಿಟ್ಟಿದೆ. ಈ ಎರಡನ್ನೂ ಸಮವಾಗಿ ತೂಗಿದ್ದು ಯುಕ್ತವೆಂದೇ ನನ್ನ ಮತ.

ಈ ವಿದ್ಯೆಯನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಲೆನಾಡಿನ ಅಡಕೆ ಚಪ್ಪರದ ಕಂಬ, ಹಳೆಯ ಸಾಮಿಲ್ಲಿನ ಹಲಗೆಗೋಡೆ, ಕರಾವಳಿಯ ಮನೆಯ ಮರದ ಜಾಲಂದ್ರ ಇವುಗಳ ಮುಂದೆ ಅರ್ಧ ಗಂಟೆ ನಿಂತು ನೋಡಿದವನಿಗೆ ಬೂದುಬಣ್ಣದಲ್ಲಿ ಎಷ್ಟು ಬಗೆಯೆಂಬುದು ತಿಳಿಯುತ್ತದೆ. ಶಿವಮೊಗ್ಗ ತಾಳಗುಪ್ಪಗಳ ನಡುವಣ ಅರಸಾಳು ನಿಲ್ದಾಣ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಚಿತ್ರೀಕರಣದ ಪುಣ್ಯದಿಂದ ಜೀರ್ಣೋದ್ಧಾರಗೊಂಡು ವಸ್ತುಸಂಗ್ರಹಾಲಯವಾಯಿತು. 1979ರಲ್ಲಿ ತೆರೆದ ಮೈಸೂರಿನ ರೈಲು ವಸ್ತುಸಂಗ್ರಹಾಲಯ ಎಂಜಿನ್ನುಗಳನ್ನೂ ಗಾಡಿಗಳನ್ನೂ ಕಾಪಾಡಿದೆ. ಆದರೆ ಮೀಟರ್ ಗೇಜಿನ ಹಳಿಗಳನ್ನು ಅಗಲಗೊಳಿಸಿದಾಗ ಮೂಲೆಪಾಲಾದ ಮರದ ಚಾವಣಿಗಳಿಗೂ ಕಟಕಟೆಗಳಿಗೂ ಅಂಚುಪಟ್ಟಿಗಳಿಗೂ ಅಂಥ ಭಾಗ್ಯವಿಲ್ಲ. ನಿಮ್ಮೂರಿನ ಬಳಿ ಇಂಥ ಮರಗೆಲಸದ ಹಳೆಯ ನಿಲ್ದಾಣವೊಂದು ಇನ್ನೂ ನಿಂತಿದ್ದರೆ, ಅಳತೆಪಟ್ಟಿಯನ್ನು ಗೋಡೆಗೆ ಆನಿಸಿ ನಾಲ್ಕೂ ದಿಕ್ಕಿನಿಂದ ಚಿತ್ರ ತೆಗೆದುಕೊಳ್ಳಿ. ಯಾವ ಮೈ ಪಡುವಣಕ್ಕಿದೆ, ಮಳೆ ಎಲ್ಲಿ ತಟ್ಟುತ್ತದೆ, ಬಣ್ಣ ಎಲ್ಲಿ ಉಳಿದಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಎಚ್‌ಓ ಪ್ರಮಾಣದಲ್ಲಿ ಮೀಟರ್ ಗೇಜಿಗೆ ಹೊಂದುವ 12 ಮಿಲಿಮೀಟರಿನ ಹಳಿ ಯೂರೋಪಿನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ನಿಲ್ದಾಣವನ್ನು ಮಾತ್ರ ನಾವೇ ಕಟ್ಟಿಕೊಳ್ಳಬೇಕು.